ತೊಟ್ಟೀಲಿ ಮಾಯವಾದ ಬಿಳಿ

ತೊಟ್ಟಿಯಣ್ಣನ ಅಂಗಿ ನೋಡಿದೋರು ಬಲೆ ಅಂದ್ಕೊಂಡು ಮೀನು ಹಿಡಿಯೋಕೆ ಎರವಲು ಕೇಳ್ತಿದ್ರಂತೆ. ಆಸಿಡ್ ಹನಿ ಬಿದ್ದೂ ಬಿದ್ದೂ ಅಷ್ಟು ತೂತು! ಒಗೆದು ಹಗ್ಗಕ್ಕೆ ಹಾಕಿದ್ರೆ ಬಿರುಗಾಳಿ ಬಂದ್ರೂ ಅಲ್ಲಾಡ್ತಿರ್ಲಿಲ್ಲ. ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಆಚೆ ಹೋಗಿಬಿಡ್ತಿತ್ತು. ಸುಳ್ಳಲ್ಲ, ಬೇಕಾದ್ರೆ ಅವನ ಹೆಂಡ್ತೀನ ಕೇಳಿ.

ಬೋಲ್ಟು, ಮೊಳೆಗಳಿಗೆ ಜಿಂಕ್ ಲೇಪ ಹಾಕೋ ಶೆಡ್ಡಲ್ಲಿ ಅವನ ಕೆಲಸ. ಅಲ್ಲಿ ಸಾಮಾನು ತೊಳೆದ ನೀರೆಲ್ಲ ಹಿತ್ತಲ ತೊಟ್ಟಿಗೆ ಬರೋದು, ಹುಳಿಹುಳಿಯಾಗಿ, ಹೊಟ್ಟೆಯೊಳಗೆ ಜಿಂಕ್ ಕರಗಿಸ್ಕೊಂಡು. ತೊಟ್ಟಿಯಣ್ಣ ಅದಕ್ಕೆ ಕೈಅಂದಾಜಲ್ಲೇ ಕಾಸ್ಟಿಕ್ ಸೋಡಾ ಹೊಯ್ಯೋನು. ಆಗ ಜಿಂಕ್ ಒಡೆದ ಹಾಲಿನ ಥರ ಬೆಳ್ಳಗೆ ಗರಣೆ ಕಟ್ಟಿ ತಳಕ್ಕೆ ಕೂರೋದು. ಮೇಲಿನ ತಿಳಿನೀರು ನಲ್ಲಿಯಿಂದ ಚರಂಡಿಗೆ. ಹಳೇ ಯಜಮಾನರ ಕಾಲದಿಂದ್ಲೂ ಇದೇ ಪಾಡು.

ಇದ್ದಕ್ಕಿದ್ದ ಹಾಗೆ ಒಂದ್ಸಲ, ನೀರು ಪರೀಕ್ಷೆ ಮಾಡೋ ಆಫೀಸರು ಬಂದು "ಇದ್ರಲ್ಲಿ ಜಿಂಕ್ ತುಂಬಿ ತುಳುಕ್ತಿದೆ" ಅಂತ ತೊಟ್ಟಿ ನಲ್ಲಿಗೆ ಸೀಲ್ ಹಾಕಿದ್ರು. ಸೋಮವಾರ ಮತ್ತೆ ಬರ್ತೀನಿ, ಆಗಲೂ ಹೀಗೇ ಇದ್ರೆ ಶೆಡ್ಡಿಗೇ ಬೀಗ ಅಂದ್ರು. ತೊಟ್ಟಿಯಣ್ಣ ಹೌಹಾರಿಬಿಟ್ಟ. ಬೀಗ ಬಿದ್ರೆ ಅವನೂ ಬೀದಿಗೆ, ಅಲ್ಲೇ ಬೋಲ್ಟು ಅದ್ದೋ ಕೆಲಸ ಮಾಡ್ತಿದ್ದ ಅವನ ನಾದಿನೀನೂ ಬೀದಿಗೆ. ಸೋಮವಾರ ಬೆಳಗ್ಗೇನೇ ಬಂದು ಇನ್ನಷ್ಟು ಕಾಸ್ಟಿಕ್ ಸುರಿದ, ಸಾಲ್ದು ಅಂತ ಮತ್ತಷ್ಟು ಸುರಿದ. ತೊಟ್ಟಿ ಕನ್ನಡಿಯಂಗೆ ತಿಳಿಯಾಯ್ತು!

ನಾದಿನಿ ಬಗ್ಗಿ ನೋಡಿದ್ಲು. "ಭಾವ, ತಳದಲ್ಲಿ ಬಿಳೀದೇ ಇಲ್ಲ! ಜಿಂಕ್ ಎಲ್ಲೋಯ್ತು? ನೀವೇ ಕುಡಿದ್ರಾ?"

"ತಿಳಿ ಇದ್ರೆ ಪಾಸು ಕಣೇ. ಸುಮ್ನಿರು."

"ಹೋದ್ಸಲ ಫೇಲಾದಾಗ್ಲೂ ತಿಳಿಯಾಗೇ ಇತ್ತಲ್ಲ!"

ಈ ಮಾತು ತೊಟ್ಟಿಯಣ್ಣನಿಗೆ ಚುರುಕ್ ಅಂತು. ಒಂದು ಗಾಜಿನ ಲೋಟಕ್ಕೆ ಹೊಸ ಹುಳಿನೀರು ಹಿಡಿದು, ಕಾಸ್ಟಿಕ್ ಹನಿಹನಿಯಾಗಿ ಬಿಟ್ಟ. ಬಿಳಿ ಬಂತು! ಇನ್ನೂ ಬಿಟ್ಟ. ಬಿಳಿ ದಟ್ಟವಾಯ್ತು. ಇನ್ನೂ ಬಿಟ್ಟ. ಅರೆ, ಬಿಳಿ ತೆಳ್ಳಗಾಗ್ತಾ ಆಗ್ತಾ ಮಾಯ!

"ಅಯ್ಯಯ್ಯೋ, ಕೂತಿದ್ದನ್ನ ನಾನೇ ಎಬ್ಬಿಸಿಬಿಟ್ನಾ!"

"ಈಗ ಆಸಿಡ್ ಬಿಡಿ, ಭಾವ!"

ಬಿಟ್ಟ. ಬಿಳಿ ವಾಪಸ್ಸು! ಇನ್ನಷ್ಟು ಬಿಟ್ಟ. ಮತ್ತೆ ಮಾಯ! ತೊಟ್ಟಿಯಣ್ಣ ಕುಣಿದ ಕುಣಿತಕ್ಕೆ ಶೆಡ್ಡಿನ ತಗಡು ಒಂದು ಗೇಣು ಮೇಲೆದ್ದು ಕೂತ್ಕೊಂಡಿತಂತೆ.

"ಆಸಿಡ್ ಬಂದ್ರೆ ಕಾಸ್ಟಿಕ್ಕಿನ ಕಡೆಯೋನ ಹಾಗೆ ಎದುರು ನಿಲ್ಲುತ್ತೆ, ಕಾಸ್ಟಿಕ್ ಬಂದ್ರೆ ಆಸಿಡ್ಡಿನ ಕಡೆಯೋನ ಹಾಗೆ! ಎರಡ್ರ ಜೊತೆಗೂ ಸೇರಿ ಕರಗುತ್ತೆ! ಎಂಥಾ ಪ್ರಾಣಿ ಕಣೇ ಇದು?"

"ನೀವೇ, ಭಾವ. ಅಕ್ಕನ ಮುಂದೆ ಅತ್ತೆ ಪರ, ಅತ್ತೆ ಮುಂದೆ ಅಕ್ಕನ ಪರ. ಇಬ್ರೂ ಕೆಣಕದೇ ಇದ್ರೆ ಮೂಲೇಲಿ ತೆಪ್ಪಗೆ."

ಇಬ್ರೂ ಕೈಗೆ ಗವಸು ಹಾಕ್ಕೊಂಡು ತೊಟ್ಟಿಗೆ ಓಡಿದ್ರು. ಅವನು ಹುಳಿನೀರು ನಿಧಾನಕ್ಕೆ ಬಿಡ್ತಾ ಹೋದ, ಅವಳು ಕೋಲಲ್ಲಿ ತಿರುವುತ್ತಾ ಹೋದ್ಲು. "ಬಂತು ಭಾವ, ಬಂತು! ಸಾಕು! ಕೈ ಕಟ್ಕೊಳ್ಳಿ!" ತೊಟ್ಟಿ ತುಂಬಾ ಬಿಳಿ ಮೋಡ.

ಅಷ್ಟರಲ್ಲಿ ಆಫೀಸರು ಬಾಗಿಲಲ್ಲಿ! "ಏನ್ರೀ ಇದು, ಹೋದ್ಸಲಕ್ಕಿಂತ ಗಲೀಜಾಗಿದೆ?"

"ಸಾರ್, ಒಂದು ಗಳಿಗೆ ಕೂತ್ಕೊಳ್ಳಿ. ಬಿಳೀದು ತಳಕ್ಕೆ ಕೂರ್ಲಿ, ನಿಮ್ಮ ದಮ್ಮಯ್ಯ" ಅಂತ ತೊಟ್ಟಿಯಣ್ಣ ಉಸಿರು ಬಿಡದೆ ಲೋಟದ ಕಥೆಯೆಲ್ಲ ಒದರಿದ.

ಆಫೀಸರು ಜೋರಾಗಿ ನಕ್ಕುಬಿಟ್ರು. "ಉಭಯಧರ್ಮಿ ಕಣ್ರೀ ಅದು! ಆಮ್ಲಕ್ಕೆ ಪ್ರತ್ಯಾಮ್ಲ, ಪ್ರತ್ಯಾಮ್ಲಕ್ಕೆ ಆಮ್ಲ. ಓದಿದ್ದೆ, ಇಷ್ಟು ದೊಡ್ಡ ತೊಟ್ಟೀಲಿ ನೋಡಿರ್ಲಿಲ್ಲ." ತಾವೂ ಕಟ್ಟೆ ಮೇಲೆ ಕೂತ್ರು. ಮೂರೂ ಜನ ಹಾಲು ಉಕ್ಕೋದನ್ನ ಕಾಯೋರ ಹಾಗೆ ತೊಟ್ಟೀನೇ ನೋಡಿದ್ರು. ಮೋಡ ಇಳೀತಾ ಇಳೀತಾ ಮೇಲೆ ತಿಳಿ ಬಂತು. ಆಫೀಸರು ಸೀಸೇಲಿ ಆ ನೀರು ಹಿಡಿದು, ಜಿಂಕ್ ಇದ್ರೆ ಬಣ್ಣ ತಿರುಗಿಸೋ ತಮ್ಮ ಮದ್ದು ಹಾಕಿದ್ರು. ತೊಟ್ಟಿಯಣ್ಣ ಸೀಸೆಗೆ ಮೂಗು ತಾಗಿಸಿ ನಿಂತ. ಬಣ್ಣ ಬದಲಾಗ್ಲಿಲ್ಲ!

"ಪಾಸು" ಅಂತ ಸೀಲ್ ಕಿತ್ರು.

ತೊಟ್ಟಿಯಣ್ಣ ಖುಷಿ ತಡೀಲಾರದೆ ನಲ್ಲೀನ ಪೂರ್ತಿ ತಿರುಗಿಸಿ, ಹರಿಯೋ ನೀರಿನ ಜೊತೆ ಚರಂಡಿ ಪಕ್ಕದಲ್ಲೇ ಓಟ ಕಿತ್ತ.

"ಭಾವ! ಅಷ್ಟು ಜೋರಾಗಿ ಬಿಟ್ರೆ ತಳದ್ದೂ ಎದ್ದು ಬರುತ್ತೆ!"

ಹೋದಷ್ಟೇ ವೇಗದಲ್ಲಿ ವಾಪಸ್ ಓಡಿಬಂದು, ಏದುಸಿರು ಬಿಡ್ತಾ ನಲ್ಲೀನ ಸಣ್ಣಗೆ ಮಾಡಿದ.