ಸೆರಗಿನೊಳಗಿನ ಕೈ

ಚಾಮರಾಜನಗರದ ಮಹಿಳಾ ಸಂಘವೊಂದರಲ್ಲಿ ನಾನು ಕೆಲಸಕ್ಕಿದ್ದಾಗ, ಫಿಲಿಪೀನ್ಸ್‌ನ ಸ್ತ್ರೀವಾದಿ ಲೇಖಕಿಯೊಬ್ಬರು ತೆಗೆದ ಸಾಕ್ಷ್ಯಚಿತ್ರದ ಸಿ.ಡಿ. ನೋಡಿದೆವು. ಪರದೇಶದ ಮನೆಗಳಲ್ಲಿ ಪಾತ್ರೆ ತಿಕ್ಕುವ ತಮ್ಮ ದೇಶದ ಹೆಂಗಸರ ಕೈಗಳನ್ನೇ ಅವರು ಬಹಳ ಹೊತ್ತು ತೋರಿಸಿದ್ದರು. ಭಾಷೆ ತಿಳಿಯದಿದ್ದರೂ ನನಗೆ ಅವ್ವನ ನೆನಪಾಯಿತು. ಅವ್ವ ಚಂದಕವಾಡಿಯಲ್ಲಿ ರೇಷ್ಮೆಗೂಡನ್ನು ಕುದಿನೀರಿಗೆ ಹಾಕಿ ನೂಲು ತೆಗೆಯುವ ಕೂಲಿಗೆ ಹೋಗುತ್ತಿದ್ದಳು.

ಸಂಘದ ಕ್ಯಾಮೆರಾ ಕೇಳಿ ಪಡೆದು ಊರಿಗೆ ಹೋದೆ. ಕೆಲಸದ ಜಾಗಕ್ಕೆ ಬರುತ್ತೇನೆ ಅಂದರೆ ಅವ್ವ ಒಪ್ಪಲಿಲ್ಲ. ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ನೂಲಿನ ಸೀರೆ ಉಟ್ಟು, ಪಕ್ಕದ ಮನೆಯಿಂದ ಕುರ್ಚಿ ತರಿಸಿ ಕೂತಳು. ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡಳು.

“ಕೈ ಆಚೆ ತಗಿ ಅವ್ವ,” ಅಂದೆ.

“ಬಿಸ್ನೀರಲ್ಲಿ ಬೆಂದೋಗವೆ ಕಣಮ್ಮಿ. ನಾಕ್ ಜನ ನೋಡೋದ್ಕೆ ಅವುನ್ನ ಯಾಕೆ ತೋರ್ಸದು? ಮೊಕ ತಗಿ ಸಾಕು.”

ನನಗೆ ರೇಗಿತು. ನಾನೇನು ಮದುವೆ ಫೋಟೊ ತೆಗೆಯುವವಳೇ ಎಂದು ಕೂಗಾಡಿ, ಐದು ನಿಮಿಷ ಅವಳ ಮುಖ ತೆಗೆದು ಕ್ಯಾಮೆರಾ ಚೀಲಕ್ಕೆ ಹಾಕಿದೆ.

ಮರುವರ್ಷ ಅವ್ವ ತೀರಿಕೊಂಡಳು. ಹೆಣ ಮೀಯಿಸಲು ಚಿಕ್ಕವ್ವ ಬಿಸಿನೀರು ತಂದಾಗ, ಬೇಡವೆಂದು ತಣ್ಣೀರು ತರಿಸಿದೆ. ಕೈಗಳನ್ನು ನಾನೇ ತೊಳೆದೆ. ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಸೆರಗು ಎಳೆದು ನಾನೇ ಮುಚ್ಚಿದೆ.