ಅಟ್ಟದ ಕೆಳಗಿನ ಸಂಸಾರ

ಮನೆ ಖಾಲಿ ಇದೆಯೇ ಎಂದು ಕೇಳಿಕೊಂಡು ಬಂದವರಿಗೆ ನಮ್ಮ ಬೀದಿಯಲ್ಲಿ ಯಾರೂ ಥಟ್ಟನೆ ಇಲ್ಲ ಎನ್ನುತ್ತಿರಲಿಲ್ಲ. ಮೊದಲು ಜಗಲಿಯ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಯಾವ ಊರು, ಯಾರ ಮಗ, ಯಾವ ಜನ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡ ಮೇಲೆ ಇಲ್ಲ ಎನ್ನುತ್ತಿದ್ದರು. ನಮ್ಮ ಬೀದಿಯವರ ಮರ್ಯಾದೆ ಅಷ್ಟು ದೊಡ್ಡದು. ಹೊಂಬಾಳಮ್ಮ ಕಂಕುಳಲ್ಲಿ ಮಗು ಎತ್ತಿಕೊಂಡು ಬಿಸಿಲಲ್ಲಿ ಆ ಮರ್ಯಾದೆಯನ್ನು ಮನೆಮನೆಯಲ್ಲೂ ಉಂಡು ಬಂದವಳು.

ಎಪ್ಪತ್ತೆಂಟನೇ ಇಸವಿ ಇರಬೇಕು. ಅವಳ ಗಂಡ ಕೆಂಪಯ್ಯ ನಮ್ಮ ತಿಪಟೂರಿನಿಂದ ತುರುವೇಕೆರೆಗೆ ಓಡುವ ಒಂದು ಖಾಸಗಿ ಬಸ್ಸಿಗೆ ಕಂಡಕ್ಟರಾಗಿದ್ದ. ದಂಡಿನಶಿವರದ ಕಡೆಯ ಒಕ್ಕಲು ಮನೆತನ. ಅಣ್ಣತಮ್ಮಂದಿರು ಪಾಲಾದಾಗ ಇವನ ಪಾಲಿಗೆ ಬಂದ ತೆಂಗಿನ ಮರಗಳನ್ನು ಎಣಿಸಲು ಕೈಬೆರಳೇ ಹೆಚ್ಚು. ಮೊದಲ ಬಸ್ಸು ಕೋಳಿ ಕೂಗುವ ಹೊತ್ತಿಗೆ ಹೊರಡುತ್ತಿದ್ದರಿಂದ ಅವನು ತಿಪಟೂರಿನಲ್ಲೇ, ಬಸ್ಸಿನ ಹಿಂದಿನ ಸೀಟಿನ ಮೇಲೆ ಮಲಗುತ್ತಿದ್ದ. ಹೊಂಬಾಳಮ್ಮ ಅತ್ತೆಮನೆಯಲ್ಲಿ, ದನ ಕಟ್ಟುವ ಅಂಕಣದ ಪಕ್ಕದಲ್ಲಿ, ಮಗ ರಂಗನನ್ನು ಮಗ್ಗುಲಿಗೆ ಹಾಕಿಕೊಂಡು ಇದ್ದಳು. ಮಗುವಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಮಗ ತನ್ನ ಕಣ್ಣೆದುರಿಗೆ ತನ್ನ ಮನೆಯಲ್ಲಿ ಬೆಳೆಯಬೇಕು, ಪೇಟೆ ಸ್ಕೂಲಿಗೆ ಹೋಗಬೇಕು. ಆ ಹೆಂಗಸಿಗೆ ಬೇಕಾಗಿದ್ದುದು ಇಷ್ಟೇ. ಇದು ದುರಾಸೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಒಬ್ಬರು ಮಾಂಸ ತಿನ್ನುವವರಿಗೆ ಕೊಡುವುದಿಲ್ಲ ಎಂದರು. ಇನ್ನೊಬ್ಬರಿಗೆ ಮಗು ಅಳುವುದು ಆಗದು. ಮತ್ತೊಬ್ಬರ ಮನೆಯಲ್ಲಿ ಇದ್ದಕ್ಕಿದ್ದಂತೆ ಅಣ್ಣನ ಮಗ ಬರುವವನಿದ್ದ. ಅವನು ಇವತ್ತಿಗೂ ಬಂದಿಲ್ಲ. ಕೊನೆಗೆ ನಮ್ಮ ಎದುರು ಮನೆಯ ತೋಂಟದಾರ್ಯನವರು, ಕೊಬ್ಬರಿ ವ್ಯಾಪಾರಿ, ತಮ್ಮ ಮನೆಗೆ ಅಂಟಿಕೊಂಡೇ ಇದ್ದ ಹೆಂಚಿನ ಮನೆಯ ಬೀಗ ತೆಗೆದು ತೋರಿಸಿದರು.

ನಮ್ಮ ಸೀಮೆಯ ಕೊಬ್ಬರಿಯ ಬಗ್ಗೆ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಮನೆಯ ಅಟ್ಟಕ್ಕೆ ಏರಿಸುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆಯಾಗುತ್ತದೆ. ಮಳೆಗಾಲದ ತೇವ ಹತ್ತಿದರೆ ಮುಗ್ಗಲು ಹಿಡಿದು ಎಲ್ಲ ಹಾಳು. ಅದಕ್ಕೇ ಅಟ್ಟದ ಕೆಳಗೆ ಸಣ್ಣ ಬೆಂಕಿ ಇರಬೇಕು, ಹೊಗೆ ಹಲಗೆಗಳ ಸಂದಿನಲ್ಲಿ ಮೇಲೇರುತ್ತಿರಬೇಕು. ತೋಂಟದಾರ್ಯನವರಿಗೆ ಬಾಡಿಗೆಯವರು ಬೇಕಾಗಿದ್ದುದು ಬಾಡಿಗೆಗಲ್ಲ, ಆ ಬೆಂಕಿಗೆ.

"ಬಾಡಿಗೆ ಕಮ್ಮಿ ಮಾಡ್ಕತೀನಿ ಕಣಪ್ಪ," ಅಂದರು ಕೆಂಪಯ್ಯನಿಗೆ. "ಆದ್ರೆ ಮಳೆಗಾಲ ಪೂರ್ತಿ ಒಲೆ ಆರಂಗಿಲ್ಲ. ಸಿಪ್ಪೆ, ಚಿಪ್ಪು ನಾನೇ ಹಾಕುಸ್ತೀನಿ. ಸೀಮೆಎಣ್ಣೆ ಸ್ಟೌ ಇಟ್ಕಂಡು ಕುಂತ್ಗಂಡ್ರೆ ನಡಿಯಲ್ಲ. ಇನ್ನೊಂದು, ಮನೆ ಒಳಕ್ಕೆ ಮಾಂಸ ತರಂಗಿಲ್ಲ."

ಕೆಂಪಯ್ಯ ಹೆಂಡತಿಯ ಮುಖ ನೋಡಿದ. ಅವಳು ಅಷ್ಟರಲ್ಲಿ ಅಡುಗೆಮನೆ, ಹಿತ್ತಲು, ನಲ್ಲಿ ಎಲ್ಲ ನೋಡಿ ಬಂದಾಗಿತ್ತು.

"ಹಳ್ಳಿಯೋರು ನಾವು ಸಾವ್ಕಾರ್ರೆ. ಒಲೆ ಉರ್ಸೋದ್ನ ನಮಗೆ ಯಾರಾನ ಹೇಳ್ಕೊಡ್ಬೇಕಾ?" ಅಂದಳು.

ಆ ಬೇಸಿಗೆಯಲ್ಲಿ ಅವಳನ್ನು ನೋಡಬೇಕಿತ್ತು. ಗೋಡೆಗೆ ತಾನೇ ಸುಣ್ಣ ಬಳಿದಳು, ಅಡುಗೆಮನೆಗೆ ಕೆಮ್ಮಣ್ಣು ಸಾರಿಸಿದಳು, ಬಾಗಿಲಿಗೆ ನಮ್ಮ ಬೀದಿಯಲ್ಲಿ ಯಾರೂ ಹಾಕದಷ್ಟು ದೊಡ್ಡ ರಂಗೋಲಿ ಹಾಕಿದಳು. ಸಂಜೆ ಹೊತ್ತು ನಮ್ಮ ಜಗಲಿಗೆ ಬಂದು ಕೂತರೂ ಕಣ್ಣೆಲ್ಲ ತನ್ನ ಬಾಗಿಲ ಮೇಲೇ. ಆ ಬಾಗಿಲನ್ನು ಹಗಲು ಹೊತ್ತಿನಲ್ಲೂ ಸುಮ್ಮಸುಮ್ಮನೆ ಹಾಕಿ ತೆಗೆಯುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಮದ್ವೆ ಆದಾಗಿಂದ ನಾನು ಹಾಕ್ಕಳಕೆ ಅಂತ ಒಂದು ಬಾಗ್ಲೇ ಇರ್ನಿಲ್ಲ ಕಣಕ್ಕ," ಅಂದಳು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತು.

ಮಳೆ ಹಿಡಿಯಿತು. ಅಟ್ಟದ ತುಂಬ ಕಾಯಿ, ಕೆಳಗೆ ಮೂರು ಹೊತ್ತೂ ಹೊಗೆ. ತೆಂಗಿನ ಸಿಪ್ಪೆಯ ಬೆಂಕಿ ಧಗಧಗ ಉರಿಯುವುದಿಲ್ಲ, ಕೂತು ಕೆಮ್ಮಿಸುತ್ತದೆ. ಅದರ ಪಕ್ಕದಲ್ಲೇ ಒಬ್ಬರು ಇರಬೇಕು, ಆರದಂತೆಯೂ ಹತ್ತಿಕೊಳ್ಳದಂತೆಯೂ ನೋಡುತ್ತಿರಬೇಕು. ತೋಂಟದಾರ್ಯನವರ ಹೆಂಡತಿ ಶಿವರುದ್ರಮ್ಮ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅಂಗಳಕ್ಕೆ ಬಂದು ಸೂರ್ಯನಿಗೆ ಕೈಮುಗಿಯುವರು. ಕೈ ಸೂರ್ಯನ ಕಡೆಗೆ, ಕಣ್ಣು ಪಕ್ಕದ ಮನೆಯ ಹೆಂಚಿನ ಕಡೆಗೆ. ಹೆಂಚಿನ ಸಂದಿಯಲ್ಲಿ ಹೊಗೆ ಕಂಡರೆ ಮಾತ್ರ ಅವರ ಪೂಜೆ ಮುಗಿಯುತ್ತಿತ್ತು.

ಆಷಾಢದಲ್ಲಿ ಮಗುವಿಗೆ ಕೆಮ್ಮು ಶುರುವಾಯಿತು. ದೊಡ್ಡಪತ್ರೆ ರಸ ಆಯಿತು, ಎದೆಗೆ ಬಿಸಿ ಎಣ್ಣೆ ಆಯಿತು. ಉಸಿರೆಳೆದರೆ ಪಕ್ಕೆ ಒಳಕ್ಕೆ ಹೋಗುವ ಹಾಗಾದಾಗ ಡಾಕ್ಟರ ಹತ್ತಿರ ಒಯ್ದರು. ಮಗುವನ್ನು ಹೊಗೆಯಿಂದ ದೂರ ಇಡಿ ಎಂದರು ಡಾಕ್ಟರು. ಹೊಗೆಯನ್ನು ಮಗುವಿನಿಂದ ದೂರ ಇಡಬಹುದು ಎಂದು ಇಡೀ ಬೀದಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕೊಬ್ಬರಿ ಸೀಮೆಯಲ್ಲಿ ಹುಟ್ಟಿದವರ ತಲೆಗೆ ಅದು ಹೊಳೆಯುವಂಥದ್ದೂ ಅಲ್ಲ.

ಕೆಂಪಯ್ಯ ಬೇರೆ ಮನೆ ನೋಡೋಣವೆಂದ.

"ಎಲ್ಲಿ ನೋಡೀಯ?" ಎಂದು ಅವಳು ಅವನ ಮೇಲೆ ಹರಿಹಾಯ್ದಳು. "ಇನ್ನೊಂದ್ಸಲ ಆ ಜಗ್ಲಿ ಮೇಲೆ ಕುಂತು ನೀರು ಕುಡ್ಕಂಡು ಬರಕೆ ನನ್ನ ಕೈಲಾಗಲ್ಲ. ನೀನು ಬಸ್ನಾಗಿರ್ತೀಯ. ಅಲೆಯೋಳು ನಾನು."

ಆಮೇಲೆ ಶಿವರುದ್ರಮ್ಮನವರ ಹತ್ತಿರ ಹೋಗಿ, ಹಗಲು ಮಾತ್ರ ಬೆಂಕಿ ಇಟ್ಟರೆ ಆಗದೇ ಎಂದು ಕೇಳಿದಳು. ಆ ಪುಣ್ಯಾತ್ಮಿ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗುವಿನ ತಲೆ ಸವರಿ, ಅಯ್ಯೋ ಪಾಪ ಎಂದು, "ಅಟ್ಟದ ತುಂಬ ಕಾಯಿ ಅದೆ ಕಣಮ್ಮ, ಮುಗ್ಗಲು ಹಿಡುದ್ರೆ ಯಾರಿಗೆ ಹೇಳಾನ? ನಿಮ್ಮವ್ವ ಇಲ್ವಾ? ಮಳೆ ಮುಗಿಯಗಂಟ ಮಗೀನ ಅಲ್ಲಿ ಬುಡು," ಅಂದರು. ಕೇಳಿದವರೆಲ್ಲ ಇದು ಒಳ್ಳೆಯ ಮಾತು ಎಂದರು. ಹೊಂಬಾಳಮ್ಮನಿಗೂ ಹಾಗೇ ಕಂಡಿತು.

ಅವಳ ತವರು ನೊಣವಿನಕೆರೆಯ ಮಗ್ಗುಲ ಹಳ್ಳಿ. ತಾಯಿ ಭೈರಮ್ಮ ಒಂಟಿ ಹೆಂಗಸು. ಬಂದು ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಅಳಿಯನ ಬಸ್ಸಿನಲ್ಲೇ ಹೊರಟಳು. ಮಗು ನಿದ್ದೆಯಲ್ಲಿತ್ತು, ಅಳಲಿಲ್ಲ. ಅದು ಅಳಲಿಲ್ಲ ಎಂದು ಹೊಂಬಾಳಮ್ಮ ನಮ್ಮ ಮನೆಗೆ ಬಂದು ಅತ್ತಳು. ಮಗನಿಗೆಂದು ಹಿಡಿದ ಮನೆಯಲ್ಲಿ ಮಗನಿಗೆ ಜಾಗವಿಲ್ಲ, ಕಾಯಿಗೆ ಜಾಗವಿದೆ. ಇದನ್ನು ನಾನು ಅವಳಿಗೆ ಬಾಯಿಬಿಟ್ಟೇ ಹೇಳಿದೆ. "ಮಳೆಗಾಲ ಅನ್ನೋದು ಎಷ್ಟ್ ದಿನ ಬುಡಕ್ಕ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಬೆಂಕಿ ನೋಡಲು ಎದ್ದು ಹೋದಳು.

ಕೆಂಪಯ್ಯನ ಬಸ್ಸು ದಿನವೂ ನೊಣವಿನಕೆರೆಯಲ್ಲಿ ನಿಲ್ಲುತ್ತಿತ್ತು. ಭೈರಮ್ಮ ಮಗುವನ್ನು ಎತ್ತಿಕೊಂಡು ಸ್ಟಾಂಡಿಗೆ ಬರುವಳು. ಅವನು ಕಿಟಕಿಯಿಂದಲೇ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಕೆನ್ನೆ ಹಿಂಡಿ, ಸೀಟಿ ಊದುವನು. ಸಂಜೆ ಮನೆಗೆ ಬಂದ ಕೂಡಲೇ ಹೆಂಡತಿ ನೀರಿನ ಚೊಂಬು ಹಿಡಿದು ನಿಂತಿರುವಳು.

"ಕೆಮ್ತಾ ಇದ್ನಾ?"

"ಇಲ್ಲ ಕಣೇ, ಕಮ್ಮಿ ಆಗೈತೆ."

"ನನ್ನ ಕೇಳಿದ್ನಾ?"

"ಕೇಳ್ದ. ಅವ್ವ ಎಲ್ಲಿ ಅಂದ."

ಇಷ್ಟು ಕೇಳಿದ ಮೇಲೇ ಅವಳು ತಟ್ಟೆ ಹಾಕುತ್ತಿದ್ದುದು. ಇಕ್ಕಟ್ಟಾದ ಬೀದಿ, ಎದುರಿನ ನಮಗೂ ಎಲ್ಲ ಕೇಳಿಸುತ್ತಿತ್ತು.

ಗೌರಿ ಹಬ್ಬಕ್ಕೆ ಒಂದು ದಿನ ಹೋಗಿಬಂದಳು. ಮಗು ಕುತ್ತಿಗೆಗೆ ಜೋತುಬಿದ್ದು ಬಿಡಲೇ ಇಲ್ಲವಂತೆ. ವಾಪಸು ಬಂದಾಗ ಬೆಂಕಿ ಆರಿತ್ತು, ಮಳೆ ಹೊಡೆದಿತ್ತು. ಶಿವರುದ್ರಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. "ಮನೆ ಬ್ಯಾಡ ಅಂದ್ರೆ ಹೇಳಿಬುಡಮ್ಮ, ಕೇಳೋರು ಬೇಕಾದಷ್ಟು ಜನ ಅವ್ರೆ," ಎಂದಷ್ಟೇ ಹೇಳಿ ಒಳಗೆ ಹೋದರು. ಅಂದಿನಿಂದ ಹೊಂಬಾಳಮ್ಮ ಆ ಮನೆ ಬಿಟ್ಟು ನಲ್ಲಿಯ ತನಕ ಹೋದರೂ ಓಡಿಬರುತ್ತಿದ್ದಳು.

ಮಳೆ ನಿಂತ ಮೇಲೆ ಮಂಜು ಶುರುವಾಯಿತು. ಮಂಜಿಗೂ ಸಣ್ಣಗೆ ಹೊಗೆ ಇರಲಿ ಎಂದರು ತೋಂಟದಾರ್ಯನವರು. ದೀಪಾವಳಿಗಾದರೂ ಮಗುವನ್ನು ತರೋಣವೆಂದರೆ ಭೈರಮ್ಮನೇ ಬೇಡವೆಂದು ಹೇಳಿ ಕಳಿಸಿದಳು, ಕೆಮ್ಮು ಈಗತಾನೇ ಬಿಟ್ಟಿದೆ ಎಂದು. ನೀನು ಹೋಗಿ ನಾಲ್ಕು ದಿನ ಇದ್ದು ಬಾ, ಒಲೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಹೋಗಲಿಲ್ಲ. ತನ್ನ ಒಲೆ ಇನ್ನೊಬ್ಬರ ಕೈಗೆ ಹೋದರೆ ಮನೆಯೂ ಹೋದೀತು ಎಂಬ ಹೆದರಿಕೆ ಅವಳಿಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗು ಮುಖ್ಯವೋ ಊರವರ ಕಾಯಿ ಮುಖ್ಯವೋ ಎಂದು ಕೇಳಿಯೇಬಿಟ್ಟೆ.

"ಮಗೀಗೇ ಅಲ್ವಕ್ಕ ಮನೆ," ಅಂದಳು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಹೊಗೆಗೋ ಅಳುವಿಗೋ, ಆ ಕಣ್ಣು ನೋಡಿ ಹೇಳುವ ಹಾಗಿರಲಿಲ್ಲ.

ಶಿವರಾತ್ರಿ ಕಳೆದು ಕಾಯಿ ಇಳಿಸಿದರು. ಗಂಡಸರು ಸಿಪ್ಪೆ ಸುಲಿದರು, ಹೆಂಗಸರು ಕೂತು ಚಿಪ್ಪು ಒಡೆದರು. ಅಂಥ ಕೊಬ್ಬರಿಯನ್ನು ನಮ್ಮ ಬೀದಿ ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದಕ್ಕೂ ಮುಗ್ಗಲಿಲ್ಲ, ಒಡಕಿಲ್ಲ. ತೋಂಟದಾರ್ಯನವರು ಎರಡು ಉಂಡೆ ಕೈಯಲ್ಲಿ ಹಿಡಿದು ಮಂಡಿಯವರಿಗೆಲ್ಲ ತೋರಿಸಿಕೊಂಡು ಬಂದರು. ಬಂದವರೇ ಹೊಂಬಾಳಮ್ಮನನ್ನು ಕರೆದು, "ನಿನ್ ಕೈಗುಣ ಒಳ್ಳೇದು ಕಣಮ್ಮ. ಎಷ್ಟ್ ವರ್ಷ ಬೇಕಾದ್ರೂ ಇರ್ರಿ, ನಿಮ್ಮನ್ನ ಎಬ್ಸೋರು ಯಾರೂ ಇಲ್ಲ," ಅಂದರು.

ಅವಳು ಬೀದಿ ದಾಟಿ ಓಡಿಬಂದು ನನ್ನ ಕೈ ಹಿಡಿದುಕೊಂಡಳು. ಗೆದ್ದುಬಿಟ್ಟೆ ಕಣಕ್ಕ ಎಂದಳು. ನಾನೂ ನಕ್ಕೆ. ಆ ಮುಖ ನೋಡಿದರೆ ಎಂಥವರಿಗೂ ನಗು ಬರಬೇಕು.

ಮಗುವನ್ನು ಕರೆತರುವ ದಿನ ಮತ್ತೆ ಸುಣ್ಣ ಬಳಿದಳು. ಮಸಿ ಹಿಡಿದ ಗೋಡೆ ಎಷ್ಟು ಬಳಿದರೂ ಬೂದು ಬಣ್ಣಕ್ಕೇ ನಿಂತಿತು. ಶಾವಿಗೆ ಪಾಯಸ ಮಾಡಿದಳು. ಮಧ್ಯಾಹ್ನ ಕೆಂಪಯ್ಯ, ಭೈರಮ್ಮ, ನಡುವೆ ಹೊಸ ಅಂಗಿ ತೊಟ್ಟ ರಂಗ ಬೀದಿಯ ತಿರುವಿನಲ್ಲಿ ಕಂಡರು. ಮಗು ನಡೆದುಕೊಂಡೇ ಬರುತ್ತಿತ್ತು, ಬೆಳೆದಿತ್ತು. ಹೊಂಬಾಳಮ್ಮ ರಸ್ತೆಗೇ ಓಡಿ ಮಂಡಿಯೂರಿ ಕೈ ಚಾಚಿದಳು. ರಂಗ ಅಜ್ಜಿಯ ಸೀರೆಯ ಹಿಂದಕ್ಕೆ ಹೋಗಿ ಒಂದು ಕಣ್ಣಿನಿಂದ ನೋಡಿದ.

"ಯಾರ್ ಹೇಳು ಮಗ? ಅವ್ವ ಕಣೋ," ಅಂದಳು ಭೈರಮ್ಮ.

"ಅವ್ವ ನೀನು," ಎಂದು ಅವನು ಅಜ್ಜಿಗೆ ಹೇಳಿದ.

ಎಲ್ಲರೂ ನಕ್ಕೆವು. ಅಂಥ ಹೊತ್ತಿನಲ್ಲಿ ಮತ್ತೇನು ಮಾಡುತ್ತೀರಿ? ಪಾಯಸ ಕೊಟ್ಟರೆ ಅಜ್ಜಿಯ ಕೈಯಿಂದಲೇ ತಿಂದ. ಅಪ್ಪನ ತೊಡೆ ಏರಿದ, ಸೀಟಿ ಕಿತ್ತುಕೊಂಡು ಊದಿದ. ತಾಯಿ ಮುಟ್ಟಲು ಬಂದರೆ ಮಾತ್ರ ಮೈ ಬಿಗಿಮಾಡಿ ಸುಮ್ಮನಾಗುತ್ತಿದ್ದ. ಹೊಂಬಾಳಮ್ಮ ಮೊದಮೊದಲು ಆಟವೆಂದುಕೊಂಡಳು.

"ದಿನಾ ನನ್ನ ಕೇಳ್ತಿದ್ದ ಅಲ್ವೇನವ್ವ?" ಎಂದಳು ತಾಯಿಗೆ.

ಅಳಿಯ ದಿನಾ ಸಂಜೆ ಏನು ಹೇಳುತ್ತಿದ್ದನೆಂದು ಭೈರಮ್ಮನಿಗೆ ಗೊತ್ತಿಲ್ಲ. "ಗೌರಿ ಹಬ್ಬ ಆದ್ಮೇಲೆ ಒಂದೆಂಟು ದಿನ ಕೇಳ್ದ. ಆಮೇಲೆ ಮರ್ತೇ ಬುಟ್ಟ. ಒಳ್ಳೇದೇ ಆಯ್ತು ಬುಡು, ಹಟ ಮಾಡ್ನಿಲ್ಲ," ಅಂದಳು.

ಹೊಂಬಾಳಮ್ಮ ಗಂಡನ ಕಡೆ ನೋಡಿದಳು. ಕೆಂಪಯ್ಯ ತಲೆ ಎತ್ತಲಿಲ್ಲ. ಹೊರಗೆ ಶಿವರುದ್ರಮ್ಮ ಯಾರಿಗೋ ಕೂಗಿ ಹೇಳುತ್ತಿದ್ದರು, ಬರುವ ವಾರ ಹೊಸ ಕಾಯಿ ಏರಿಸಬೇಕು, ಅಟ್ಟ ಗುಡಿಸಿಡಿ ಎಂದು.

ಬಿಸಿಲು ಇಳಿಯುತ್ತಿದ್ದಂತೆ ರಂಗ ಎದ್ದು, ಬಾಗಿಲ ಬಳಿ ಬಿಟ್ಟಿದ್ದ ತನ್ನ ಚಪ್ಪಲಿಯನ್ನು ತಾನೇ ಹಾಕಿಕೊಂಡು, ಅಜ್ಜಿಯ ಕೈ ಎಳೆದ.

"ಅವ್ವ, ನಡಿ, ಮನೇಗೆ ಹೋಗಾನ."

"ಇದೇ ಕಣೋ ನಿಮ್ಮನೆ," ಅಂದಳು ಭೈರಮ್ಮ.

"ಅಲ್ಲ," ಎಂದು ತಲೆ ಅಲ್ಲಾಡಿಸಿ, ಹೊಂಬಾಳಮ್ಮನ ಕಡೆ ಕೈ ತೋರಿಸಿದ. "ಇದು ಈವಮ್ಮನ್ ಮನೆ."

ಭೈರಮ್ಮ ಅವನ ಬೆನ್ನಿಗೆ ಒಂದು ಬಿಡಲು ಕೈ ಎತ್ತಿದಳು. ಹೊಂಬಾಳಮ್ಮ ಆ ಕೈ ಹಿಡಿದುಕೊಂಡಳು.

"ಬುಡವ್ವ, ಹೊಡೀಬ್ಯಾಡ. ಸರಿಯಾಗೇ ಹೇಳ್ತಾವ್ನೆ," ಅಂದಳು.

ನೊಣವಿನಕೆರೆ ಕಡೆಗೆ ಇನ್ನೂ ಒಂದು ಬಸ್ಸಿತ್ತು. ಮಗನ ಚಪ್ಪಲಿ ಅದಲುಬದಲಾಗಿತ್ತು. ಅವಳು ಕೂತು ಅದನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಹೊರಡುತ್ತಿದ್ದೇನೆ ಎಂದು ತಿಳಿದದ್ದರಿಂದಲೋ ಏನೋ, ಈ ಸಲ ಅವನು ಮೈ ಬಿಗಿಮಾಡದೆ ಅವಳ ಹೆಗಲ ಮೇಲೆ ಕೈ ಊರಿಕೊಂಡು ನಿಂತಿದ್ದ.