ಸ್ಮರಣೆಯ ಮೇಲಿನ ತೆರಿಗೆ

ಕಲ್ಯಾಣಪುರದ ಬೆನೆಡಿಕ್ಟಾ ಮೂವತ್ತು ವರ್ಷಗಳಿಂದ ವಾರಪತ್ರಿಕೆಯೊಂದನ್ನು ನಡೆಸುತ್ತಿದ್ದಳು. ಅದರ ನಾಲ್ಕನೆಯ ಪುಟ ಪೂರ್ತಿ ಶ್ರದ್ಧಾಂಜಲಿ. ಕುವೈತ್, ಮಸ್ಕತ್‌ಗಳಿಂದ ಮಕ್ಕಳು ಕಳಿಸಿದ, ತೀರಿಹೋದ ಅಪ್ಪ-ಅಮ್ಮಂದಿರ ಭಾವಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರೆ, ಸ್ವರ್ಣಾ ನದಿಯಿಂದ ಏರಿಬಂದ ಮಂಜಿನೊಂದಿಗೆ ಅವರೆಲ್ಲ ಒಳಗೆ ಬಂದು ಬೆಂಚಿನ ಮೇಲೆ ಸಾಲಾಗಿ ಕೂತಂತೆ ಅವಳಿಗೆ ಭಾಸವಾಗುತ್ತಿತ್ತು. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಯಾರೋ ಮೆಲ್ಲನೆ ಕೆಮ್ಮಿದ ಹಾಗೆ.

ಹೊಳೆಯ ಮರಳು ಕಳ್ಳದಾರಿಯಲ್ಲಿ ಎಲ್ಲಿಗೆ ಹೋಗುತ್ತಿದೆಯೆಂದು ಸಣ್ಣ ಪತ್ರಿಕೆಗಳೆಲ್ಲ ಬರೆಯತೊಡಗಿದ್ದ ವರ್ಷ ಅದು. ಅದರ ಬೆನ್ನಿಗೇ ರಾಜ್ಯ ಸರಕಾರ ಬೇರಾವ ಜಾಹೀರಾತಿಗೂ ಇಲ್ಲದ ಹೊಸ ತೆರಿಗೆಯನ್ನು ಪತ್ರಿಕೆಗಳ ಜಾಹೀರಾತಿಗೆ ಹಾಕಿತು. ಶ್ರದ್ಧಾಂಜಲಿಯೂ ಜಾಹೀರಾತೇ ಎಂದು ಅವಳಿಗೆ ನೋಟಿಸು ಬಂತು. ಕೋರ್ಟಿಗೆ ಹೋಗುತ್ತೇನೆಂದಳು.

"ಆ ಪುಟ ನಿಲ್ಲಿಸಿಬಿಡಿ ಬಾಯಮ್ಮ. ಈ ಪ್ರಾಯದಲ್ಲಿ ಕೋರ್ಟು ಎಂತಕ್ಕೆ?" ಎಂದ, ಪತ್ರಿಕೆ ಅಚ್ಚು ಹಾಕುವ ಸಂತೆಕಟ್ಟೆಯ ಶೀನ.

"ಸತ್ತವರನ್ನು ನೆನೆಯಲಿಕ್ಕೂ ಸುಂಕ ಉಂಟಾ ಶೀನ? ಈ ಪುಟ ಬಿಟ್ಟುಕೊಟ್ಟರೆ ನಾಳೆ ಮೊದಲನೇ ಪುಟವೂ ಹೋಗ್ತದೆ, ಅಲ್ವಾ?"

ಇನ್ನೂ ಐದು ಪತ್ರಿಕೆಗಳವರ ಜೊತೆ ಸೇರಿ ಅವಳು ಹೈಕೋರ್ಟಿಗೆ ಹೋದಳು. ಎರಡು ಮಳೆಗಾಲ ಕಳೆದವು. ಕೋರ್ಟಿನ ಖರ್ಚಿಗೆ ಪತ್ರಿಕೆ ಎರಡೇ ಪುಟಕ್ಕೆ ಇಳಿಯಿತು. ಕಾಸು ಪಡೆದರೆ ತಾನೇ ಜಾಹೀರಾತು ಎಂದು ಶ್ರದ್ಧಾಂಜಲಿಗಳನ್ನು ಅವಳು ಪುಕ್ಕಟೆ ಹಾಕಿದಳು.

ತೀರ್ಪಿನ ದಿನ ಅವಳು ಸಂತೆಕಟ್ಟೆಯ ಅಚ್ಚುಕೂಟಕ್ಕೆ ಬಂದಳು. ಶೀನ ಯಂತ್ರ ನಿಲ್ಲಿಸಿ, ಕೋರ್ಟಿನ ನೇರಪ್ರಸಾರ ಹಾಕಿ, ಕಾಗದದ ರಾಶಿಗೆ ಮೊಬೈಲು ಒರಗಿಸಿಟ್ಟ. ನ್ಯಾಯಮೂರ್ತಿಗಳ ದನಿ ನೀರಿನಡಿಯಿಂದ ಬಂದಂತಿತ್ತು. ಎಲ್ಲ ವ್ಯಾಪಾರಕ್ಕೂ ಇರುವ ತೆರಿಗೆ ಪತ್ರಿಕೆಗೂ ಇರಬಹುದು. ಆದರೆ ಪತ್ರಿಕೆಗಳನ್ನೇ ಆರಿಸಿ ಹೇರಿದ ಭಾರ ಅವುಗಳ ಸ್ವಾತಂತ್ರ್ಯವನ್ನೂ ಓದುಗನ ಹಕ್ಕನ್ನೂ ಹಿಸುಕುತ್ತದೆ. ತೆರಿಗೆ ರದ್ದು.

"ಗೆದ್ದಿರಿ ಮಾರಾಯ್ರೆ!" ಶೀನ ಕೂಗಿದ. ಬೆನೆಡಿಕ್ಟಾಳಿಗೆ ಅಳು ಬರಲಿಲ್ಲ; ಎರಡು ವರ್ಷದ ನಿದ್ದೆಯೆಲ್ಲ ಒಟ್ಟಿಗೆ ಬಂತು.

ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದವಳು ತನ್ನ ನಿಲ್ದಾಣವನ್ನೂ ಸ್ವರ್ಣಾ ನದಿಯ ಸೇತುವೆಯನ್ನೂ ದಾಟಿಹೋದಳು. ಕನಸಿನ ತುಂಬ ಬಿಸಿಲು. ಶ್ರದ್ಧಾಂಜಲಿಯ ಪುಟದ ಮುಖಗಳೆಲ್ಲ ಒಬ್ಬರಿಗೊಬ್ಬರು ಪತ್ರಿಕೆ ಓದಿ ಹೇಳುತ್ತಿದ್ದವು.

"ನಿಮಗೆ ಎಲ್ಲಿ ಇಳಿಯಲಿಕ್ಕೆ ಉಂಟು?" ಕಂಡಕ್ಟರ್ ಎಬ್ಬಿಸಿದಾಗ ಬ್ರಹ್ಮಾವರ ಬಂದಿತ್ತು. ಅವಳಿಗೆ ತಾನು ಇಳಿಯಬೇಕಿದ್ದ ಊರ ಹೆಸರೇ ಥಟ್ಟನೆ ನೆನಪಾಗಲಿಲ್ಲ. ನಕ್ಕು ಅಲ್ಲೇ ಇಳಿದು, ಹೋಟೆಲೊಂದರಲ್ಲಿ ಚಹಾ ಹೇಳಿ, ಚೀಲದಿಂದ ಪೆನ್ನು ತೆಗೆದು ಸುದ್ದಿಯ ಮೊದಲ ಸಾಲು ಬರೆಯತೊಡಗಿದಳು. ಚಹಾ ಆರಿತು.